ಅಂಗಡಿಯ ಜಾಡು ಹಿಡಿದು: ಕ್ಲಾನ್‌ಮೆಲ್‌ನ ಒಂದು ಬೇಕರಿ ಮನೆತನ, ಹಳೆಯ ವ್ಯಾಪಾರಿ ಡೈರೆಕ್ಟರಿಗಳಲ್ಲಿ

ಗುರಿ ಇಷ್ಟು: ಐರ್ಲೆಂಡಿನ ಟಿಪ್ಪರರಿ ಕೌಂಟಿಯ ಕ್ಲಾನ್‌ಮೆಲ್ ಪಟ್ಟಣದಲ್ಲಿ 1870ರ ಸುಮಾರಿಗೆ ಬೇಕರಿ ನಡೆಸುತ್ತಿದ್ದ ಒಂದು ರಯಾನ್ ಕುಟುಂಬವನ್ನು ಹಿಡಿದು, ಹಿಂದಕ್ಕೆ ನಡೆಯುತ್ತಾ 1800ರ ಗಡಿ ದಾಟುವುದು. ಕುಟುಂಬವು ಕೆಲಸದ ಕ್ರಮ ತೋರಿಸಲು ಇಟ್ಟುಕೊಂಡ ಮಾದರಿ. ಪಟ್ಟಣ, ಡೈರೆಕ್ಟರಿ, ದಾಖಲೆಗಳೆಲ್ಲ ನಿಜವಾದವು. ರಯಾನ್ ಎಂಬ ಹೆಸರನ್ನು ಬೇಕೆಂದೇ ಆರಿಸಿದೆ. ಟಿಪ್ಪರರಿಯಲ್ಲಿ ಕಲ್ಲೆಸೆದರೆ ಒಬ್ಬ ರಯಾನ್‌ಗೆ ತಾಗುತ್ತದೆ. ಹೆಸರಿನ ಬೆನ್ನು ಹತ್ತಿದವರು ಬಹುಬೇಗ ಯಾರದೋ ಮುತ್ತಜ್ಜನನ್ನು ತಮ್ಮ ಮುತ್ತಜ್ಜ ಮಾಡಿಕೊಂಡು ಕೂರುತ್ತಾರೆ. ಇಲ್ಲಿ ಹಿಂಬಾಲಿಸುವುದು ಅಂಗಡಿಯನ್ನು: ಒಂದು ಕಸುಬು, ಒಂದು ಬೀದಿ, ಒಂದು ಕಟ್ಟಡ. ಅದರೊಳಗೆ ಬಂದುಹೋದವರ ಹೆಸರುಗಳು ಆಮೇಲೆ ತಾವಾಗಿ ಸಾಲುಗಟ್ಟುತ್ತವೆ.

ಊರುವಾರು ವ್ಯಾಪಾರಿಗಳ ಹೆಸರು, ಕಸುಬು, ವಿಳಾಸಗಳನ್ನು ಅಚ್ಚು ಹಾಕಿದ ಪುಸ್ತಕವೇ ಡೈರೆಕ್ಟರಿ. ಅದಕ್ಕೆ ಈ ಮಟ್ಟದ ಬೆಲೆ ಬಂದಿರುವುದು ಉಳಿದದ್ದು ಹಾಳಾದ್ದರಿಂದ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದ ಪಬ್ಲಿಕ್ ರೆಕಾರ್ಡ್ ಆಫೀಸ್ ಸ್ಫೋಟಕ್ಕೂ ಬೆಂಕಿಗೂ ಸಿಕ್ಕಿತು. 1821ರಿಂದ 1851ರವರೆಗಿನ ಜನಗಣತಿ ಪುಟಗಳಲ್ಲಿ ಚೂರುಪಾರು ಮಾತ್ರ ಉಳಿದವು. 1861 ಮತ್ತು 1871ರವನ್ನು ಅದಕ್ಕೂ ಮೊದಲೇ ಸರ್ಕಾರವೇ ನಾಶ ಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ಹೀಗಾಗಿ ಹತ್ತೊಂಬತ್ತನೆಯ ಶತಮಾನಕ್ಕೆ ಇಡೀ ದೇಶದ ಜನಗಣತಿಯೇ ಇಲ್ಲ. ಪೂರ್ತಿ ಸಿಗುವ ಮೊದಲ ಎರಡು 1901ರ ಮಾರ್ಚ್ 31 ಮತ್ತು 1911ರ ಏಪ್ರಿಲ್ 2ರವು. ಡೈರೆಕ್ಟರಿಗಳು ಅಚ್ಚಾದ ಪುಸ್ತಕಗಳು. ನೂರಾರು ಕಪಾಟುಗಳಿಗೆ ಹಂಚಿಹೋಗಿದ್ದರಿಂದ ಒಂದು ಕಟ್ಟಡದ ಬೆಂಕಿ ಅವನ್ನು ಮುಟ್ಟಲಿಲ್ಲ.

ಸಾಮಾನು

ಕ್ಲಾನ್‌ಮೆಲ್ ಅದೃಷ್ಟದ ಊರು. ಹೊರತಂದವರ ಹೆಸರಿನಿಂದಲೇ ಕರೆಯುವ ಡೈರೆಕ್ಟರಿಗಳು ಅದಕ್ಕೆ ಸಾಲಾಗಿ ಇವೆ: 1788ರ ಲ್ಯೂಕಸ್, 1820 ಮತ್ತು 1824ರ ಪಿಗಟ್, 1839ರ ಶಿಯರ್‌ಮನ್, ಆಮೇಲೆ ಸ್ಲೇಟರ್‌ನ ಐದು ಆವೃತ್ತಿಗಳು (1846, 1856, 1870, 1881, 1894), ನಡುವೆ 1889ರಲ್ಲಿ ಟಿಪ್ಪರರಿಗೇ ಮೀಸಲಾದ ಬ್ಯಾಸೆಟ್. ಶಿಯರ್‌ಮನ್ ಅನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದು ವಾಟರ್‌ಫರ್ಡ್, ಕಿಲ್ಕೆನಿ ನಗರಗಳಿಗೂ ಕ್ಲಾನ್‌ಮೆಲ್, ಕ್ಯಾರಿಕ್-ಆನ್-ಶೂರ್, ನ್ಯೂ ರಾಸ್, ಕಾರ್ಲೊ ಪಟ್ಟಣಗಳಿಗೂ ಮಾತ್ರ ಮಾಡಿದ ಪುಸ್ತಕ. 1824ರಿಂದ 1846ರವರೆಗಿನ 22 ವರ್ಷದ ಹಳ್ಳಕ್ಕೆ ಈ ಭಾಗದಲ್ಲಿ ಇರುವ ಸೇತುವೆ ಅದೊಂದೇ.

ಬೇರೆ ಊರಾದರೆ ಪಟ್ಟಿ ಬದಲಾಗುತ್ತದೆ. ಡಬ್ಲಿನ್ ಆದರೆ 1751ರಿಂದ ವಿಲ್ಸನ್, 1834ರಿಂದ 1849ರವರೆಗೆ ಪೆಟಿಗ್ರೂ ಮತ್ತು ಔಲ್ಟನ್, 1844ರಿಂದ ಥಾಮ್. ಬೆಲ್‌ಫಾಸ್ಟ್ ಆದರೆ ಉತ್ತರ ಐರ್ಲೆಂಡಿನ ಸರ್ಕಾರಿ ದಾಖಲೆ ಕಚೇರಿ 1819ರಿಂದ 1900ರವರೆಗಿನ ಬೀದಿ ಡೈರೆಕ್ಟರಿಗಳನ್ನು ಸ್ಕ್ಯಾನ್ ಮಾಡಿ ಉಚಿತವಾಗಿ ಹಾಕಿದೆ. ಲಿಮರಿಕ್‌ಗೆ 1769ರಷ್ಟು ಹಳೆಯ ಫೆರಾರ್ ಇದೆ. ಕಾರ್ಕ್ ಆದರೆ 1787ರ ಲ್ಯೂಕಸ್, 1875ರಿಂದ ಈಚೆಗೆ ಗೈ.

ಡೈರೆಕ್ಟರಿಯ ಜೊತೆಗೆ ಬೇಕಾದವು: ಜನನ, ಮದುವೆ, ಮರಣದ ಸರ್ಕಾರಿ ರಿಜಿಸ್ಟರ್ (ಐರಿಶ್‌ಜೀನಿಯಾಲಜಿ ತಾಣದಲ್ಲಿ ಮೂಲಪುಟದ ಚಿತ್ರ ಉಚಿತ, ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ಕಳೆದಿರಬೇಕು), 1880ರ ಸುಮಾರಿನವರೆಗಿನ ಕ್ಯಾಥೊಲಿಕ್ ಪ್ಯಾರಿಷ್ ರಿಜಿಸ್ಟರ್‌ಗಳು, ಅಂದರೆ ಚರ್ಚಿನ ಜ್ಞಾನಸ್ನಾನ, ಮದುವೆಗಳ ಪುಸ್ತಕಗಳು (ನ್ಯಾಷನಲ್ ಲೈಬ್ರರಿಯ ತಾಣದಲ್ಲಿ, 2015ರಿಂದ), ಗ್ರಿಫಿತ್ ವ್ಯಾಲ್ಯುಯೇಶನ್ ಎಂಬ ಆಸ್ತಿ ಮೌಲ್ಯಮಾಪನ, ಅದರ ತಿದ್ದುಪಡಿ ಪುಸ್ತಕಗಳು, ಆಸ್ತಿಪತ್ರಗಳ ನೋಂದಣಿ ಕಚೇರಿಯಾದ ರಿಜಿಸ್ಟ್ರಿ ಆಫ್ ಡೀಡ್ಸ್. ಇನ್ನೊಂದು, ಒಂದು ಸ್ಪ್ರೆಡ್‌ಶೀಟ್.

ಆ ಶೀಟನ್ನು ಮೊದಲೇ ಸರಿಯಾಗಿ ಹಾಕಿಕೊಳ್ಳಿ, ಆಮೇಲೆ ತಿದ್ದುವುದು ತಲೆನೋವು. ಸಾಲಿಗೊಂದು ಉಲ್ಲೇಖ, ವ್ಯಕ್ತಿಗೊಂದಲ್ಲ. ಕಾಲಂಗಳು: ಮುದ್ರಣದ ವರ್ಷ, ಮಾಹಿತಿಯ ವರ್ಷ, ಪುಸ್ತಕ ಮತ್ತು ಪುಟ, ಯಾವ ಶೀರ್ಷಿಕೆಯಡಿ, ಹೆಸರು, ಅಚ್ಚಿನಲ್ಲಿದ್ದ ಕಾಗುಣಿತದಲ್ಲೇ, ಕಸುಬು, ವಿಳಾಸ, ಅಚ್ಚಿನಲ್ಲಿದ್ದಂತೆ, ಇಂದಿನ ವಿಳಾಸ, ಕಟ್ಟಡದ ಒಡೆಯ, ತೆರಿಗೆ ಮೌಲ್ಯ, ಸ್ಕ್ಯಾನ್ ಕಡತದ ಹೆಸರು, ನಂಬಿಕೆಯ ಮಟ್ಟ. ವ್ಯಕ್ತಿಯ ಗುರುತುಸಂಖ್ಯೆಯ ಕಾಲಂ ಕೊನೆಯಲ್ಲಿರಲಿ, ಮೊದಲಿಗೆ ಖಾಲಿ ಬಿಡಿ. ಯಾವ ರಯಾನ್ ಯಾರೆಂದು ಮೊದಲ ದಿನವೇ ತುಂಬಿದರೆ ಮುಂದಿನ ಪುರಾವೆಗಳನ್ನೆಲ್ಲ ಆ ಊಹೆಗೆ ತಕ್ಕಂತೆ ಬಾಗಿಸುವ ಚಟ ಹತ್ತುತ್ತದೆ.

ಮಾಹಿತಿಯ ವರ್ಷಕ್ಕೆ ಬೇರೆ ಕಾಲಂ ಇರುವುದಕ್ಕೆ ಕಾರಣವಿದೆ. ವರ್ಷಾರಂಭಕ್ಕೆ ಹೊರಡುವ ಡೈರೆಕ್ಟರಿಗೆ ಮಾಹಿತಿ ಕಲೆಹಾಕುವುದು ಹಿಂದಿನ ವರ್ಷದಲ್ಲಿ. 1862ರ ಥಾಮ್ ತೋರಿಸುವುದು 1861ರ ಬೀದಿಯನ್ನು. ಕೆಲವೊಮ್ಮೆ ಅದಕ್ಕಿಂತ ಹಳೆಯದನ್ನು, ಯಾಕೆಂದರೆ ಹಿಂದಿನ ಆವೃತ್ತಿಯ ಸಾಲನ್ನು ಹಾಗೆಯೇ ಉಳಿಸಿಕೊಳ್ಳುವುದು ಸಂಪಾದಕರಿಗೆ ಸುಲಭ. ಸತ್ತವನ ಹೆಸರು ಎರಡು ಮೂರು ವರ್ಷ ಅಂಗಡಿ ನಡೆಸುತ್ತಿರುವುದು ಇಲ್ಲಿ ಸಾಮಾನ್ಯ.

1911ರಿಂದ ಹಿಂದಕ್ಕೆ

ಗಟ್ಟಿ ನೆಲ ಮೊದಲು. 1911 ಮತ್ತು 1901ರ ಜನಗಣತಿಯಲ್ಲಿ ಮನೆಯವರ ಪಟ್ಟಿ ಇರುವ ಫಾರ್ಮ್ ಎ ನೋಡಿ ಮುಚ್ಚಿಬಿಡುವುದು ದೊಡ್ಡ ನಷ್ಟ. ಬಿ1 ಫಾರ್ಮ್‌ನಲ್ಲಿ ಬೀದಿಯ ಪ್ರತಿ ಕಟ್ಟಡಕ್ಕೂ ಸಾಲಿದೆ: ಅದು ಮನೆಯೋ ಅಂಗಡಿಯೋ, ಗೋಡೆ ಎಂಥದು, ಮಾಡು ಎಂಥದು, ಎಷ್ಟು ಕೋಣೆ, ಮುಂಭಾಗಕ್ಕೆ ಎಷ್ಟು ಕಿಟಕಿ, ಜಾಗದ ಒಡೆಯ ಯಾರು. ಬಿ2 ಫಾರ್ಮ್‌ನಲ್ಲಿ ಹಿತ್ತಲ ಕಟ್ಟಡಗಳು: ಕುದುರೆ ಲಾಯ, ಹಂದಿ ಗೂಡು, ಕಾರ್ಯಾಗಾರ, ಕುಲುಮೆ. ಬ್ರೆಡ್ ಗಾಡಿ ಇಟ್ಟುಕೊಂಡಿದ್ದ ಬೇಕರಿಯವನಿಗೆ ಲಾಯ ಇದ್ದೇ ಇರುತ್ತದೆ. ಈ ಎರಡು ಫಾರ್ಮ್ ಸೇರಿದರೆ ಕಟ್ಟಡದ ಮೈಕಟ್ಟು ಸಿಗುತ್ತದೆ, ಅದೇ ಮೈಕಟ್ಟನ್ನು ಅರವತ್ತು ವರ್ಷ ಹಿಂದಿನ ಮೌಲ್ಯಮಾಪನದಲ್ಲಿ ಗುರುತು ಹಿಡಿಯಬಹುದು.

1911ರಲ್ಲಿ ಮಾತ್ರ ಇರುವ ಕಾಲಂ: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳು ಎಷ್ಟು, ಬದುಕಿರುವವರು ಎಷ್ಟು. ಮದುವೆಯ ವರ್ಷ ಹಿಡಿಯಲು ಇದಕ್ಕಿಂತ ಬೇಗದ ದಾರಿ ಇಲ್ಲ. ವಯಸ್ಸನ್ನು ಮಾತ್ರ ನಂಬಬೇಡಿ. 1901ರಲ್ಲಿ 56 ಇದ್ದವರು 1911ರಲ್ಲಿ 70 ಆಗಿರುವುದು ಧಾರಾಳ. 1909ರ ಜನವರಿಯಿಂದ 70 ತುಂಬಿದವರಿಗೆ ಪಿಂಚಣಿ ಬಂತು, ಇಡೀ ದೇಶಕ್ಕೆ ಒಮ್ಮೆಲೇ ವಯಸ್ಸಾಯಿತು. ಎರಡರಲ್ಲಿ 1901ರ ವಯಸ್ಸೇ ಹೆಚ್ಚು ಹತ್ತಿರ, ಅದಕ್ಕೂ ಐದು ವರ್ಷ ಆಚೀಚೆ ಬಿಟ್ಟುಕೊಂಡು ಹುಡುಕಬೇಕು.

ಅಲ್ಲಿಂದ ಸರ್ಕಾರಿ ರಿಜಿಸ್ಟರ್. ಎಲ್ಲರ ಜನನ, ಮರಣ, ಮದುವೆಗಳ ನೋಂದಣಿ ಶುರುವಾದದ್ದು 1864ರ ಜನವರಿ 1ರಿಂದ. ಕ್ಯಾಥೊಲಿಕರಲ್ಲದವರ ಮದುವೆಗಳು ಮಾತ್ರ 1845ರ ಏಪ್ರಿಲ್‌ನಿಂದ ಇವೆ. ಜಿಲ್ಲೆಯ ಜಾಗದಲ್ಲಿ ಕ್ಲಾನ್‌ಮೆಲ್ ಹಾಕಿ. ಈ ನೋಂದಣಿ ಜಿಲ್ಲೆ ಎಂದರೆ ಕೌಂಟಿಯಲ್ಲ, ಪೂರ್ ಲಾ ಯೂನಿಯನ್ ಎಂಬ ಬಡವರ ಪರಿಹಾರದ ಆಡಳಿತ ವಿಭಾಗ. ಅದು ಕೌಂಟಿಯ ಗಡಿಯನ್ನು ಲೆಕ್ಕಿಸುವುದಿಲ್ಲ. ಶೂರ್ ನದಿ ದಾಟಿದರೆ ವಾಟರ್‌ಫರ್ಡ್ ಕೌಂಟಿ, ನೋಂದಣಿ ಜಿಲ್ಲೆ ಇನ್ನೂ ಕ್ಲಾನ್‌ಮೆಲ್. ಗುರಿ ಒಂದು ಮಗು ಆದರೂ ಅದರ ಎಲ್ಲ ಒಡಹುಟ್ಟಿದವರ ಜನನ ಸಾಲುಗಳನ್ನೂ ಇಳಿಸಿಕೊಳ್ಳಿ. ಪ್ರತಿ ಸಾಲಿನಲ್ಲಿ ತಂದೆಯ ಕಸುಬು, ವಾಸದ ಜಾಗ, ತಾಯಿಯ ತವರಿನ ಹೆಸರು ಇರುತ್ತದೆ. ಎಂಟು ಮಕ್ಕಳ ಎಂಟು ವಿಳಾಸ ಎಂದರೆ ಹದಿನೈದು ಇಪ್ಪತ್ತು ವರ್ಷದ ಅಂಗಡಿ ಚಲನೆಯ ನಕ್ಷೆ. ಸ್ಲೇಟರ್‌ನ ಎರಡು ಆವೃತ್ತಿಗಳ ನಡುವಿನ ಕತ್ತಲನ್ನು ಅದು ತುಂಬುತ್ತದೆ. ಹುಟ್ಟಿದ ದಿನಾಂಕ ಚರ್ಚಿನ ಜ್ಞಾನಸ್ನಾನದ ದಿನಾಂಕಕ್ಕಿಂತ ಈಚಿನದಾಗಿ ಕಂಡರೆ ಗಾಬರಿ ಬೇಡ. ತಡವಾಗಿ ನೋಂದಾಯಿಸಿದರೆ ದಂಡ ಬೀಳುತ್ತಿತ್ತು, ಅಪ್ಪಂದಿರು ದಿನಾಂಕವನ್ನೇ ಮುಂದೂಡುತ್ತಿದ್ದರು. ಚರ್ಚಿನ ದಿನಾಂಕ ಉಳಿಸಿಕೊಳ್ಳಿ.

ಮರಣದ ಪುಟದಲ್ಲಿ ಹೆಂಗಸಿನ ಕಸುಬಿನ ಜಾಗದಲ್ಲಿ ‘ಬೇಕರಿಯವನ ವಿಧವೆ’, ಮಗುವಿನ ಜಾಗದಲ್ಲಿ ‘ಬೇಕರಿಯವನ ಮಗು’ ಎಂದು ಬರೆಯುತ್ತಿದ್ದರು. ಊರಿನ ರಯಾನ್‌ಗಳನ್ನು ಜರಡಿ ಹಿಡಿಯಲು ಇದೇ ಸಾಕಾಗುತ್ತದೆ. ಮದುವೆಯ ಪುಟದಲ್ಲಿ ವಯಸ್ಸಿನ ಬದಲು ‘ಪೂರ್ಣ ವಯಸ್ಸು’ ಎಂದಿದ್ದರೆ 21 ದಾಟಿದೆ ಎಂದಷ್ಟೇ ಅರ್ಥ. ಇಬ್ಬರ ತಂದೆಯರ ಹೆಸರೂ ಕಸುಬೂ ಅದರಲ್ಲಿರುತ್ತವೆ. ತಂದೆ ಆಗಲೇ ತೀರಿಕೊಂಡಿದ್ದರೂ ಎಷ್ಟೋ ಸಲ ಅದನ್ನು ಬರೆಯುವುದಿಲ್ಲ, ಹಾಗಾಗಿ ಆ ವರ್ಷದವರೆಗೆ ತಂದೆ ಬದುಕಿದ್ದ ಎಂದು ಶೀಟಿನಲ್ಲಿ ಹಾಕಬೇಡಿ.

ಡೈರೆಕ್ಟರಿ ಓದುವ ಕೈಚಳಕ

ಸ್ಕ್ಯಾನ್ ಪುಸ್ತಕದಲ್ಲಿ ಕುಲನಾಮ ಹಾಕಿ ಹುಡುಕುವ ಆಸೆ ಎಲ್ಲರಿಗೂ ಬರುತ್ತದೆ. ಅದರ ಮೇಲೆ ಭಾರ ಹಾಕಬೇಡಿ. ಪುಟಕ್ಕೆ ಎರಡು ಮೂರು ಕಾಲಂ, ಇರುವೆ ಗಾತ್ರದ ಅಕ್ಷರ, ಹಿಂಬದಿಯ ಮಸಿ ಸೋರಿಕೆ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ (ಓಸಿಆರ್) ಇಲ್ಲಿ ಎಡವುತ್ತದೆ, ಪಕ್ಕದ ಕಾಲಂನ ಬೀದಿಯನ್ನು ಈ ಕಾಲಂನ ಹೆಸರಿಗೆ ಅಂಟಿಸುತ್ತದೆ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಎಸ್ ಅಕ್ಷರದ ಉದ್ದ ರೂಪವನ್ನು ಎಫ್ ಎಂದು ಓದುತ್ತದೆ. ಪುಸ್ತಕದ ಪಟ್ಟಣಸೂಚಿಯಿಂದ ಕ್ಲಾನ್‌ಮೆಲ್ ಪುಟಕ್ಕೆ ಹೋಗಿ ಕಣ್ಣಿನಿಂದಲೇ ಇಡೀ ಊರನ್ನು ಓದಿ. ಕೆಲವೇ ಪುಟ, ಅರ್ಧ ಗಂಟೆಯ ಕೆಲಸ.

ಓದುವ ಕ್ರಮ ಹೀಗಿರಲಿ. ಊರಿನ ಪೀಠಿಕೆ ಮೊದಲು; ಅಂಚೆ ಹೊರಡುವ ಸಮಯ, ಸಂತೆಯ ದಿನ, ಚರ್ಚುಗಳು ಅಲ್ಲಿರುತ್ತವೆ. ಕೊನೆಗೆ ಬಂಡಿ, ದೋಣಿಗಳ ಪಟ್ಟಿ. ಬಂಡಿ ಸೇವೆಯ ಉದ್ಯಮಿ ಬಿಯಾಂಕೋನಿ ತನ್ನ ಮೊದಲ ಪ್ರಯಾಣಿಕರ ಬಂಡಿಯನ್ನು 1815ರಲ್ಲಿ ಓಡಿಸಿದ್ದು ಇದೇ ಕ್ಲಾನ್‌ಮೆಲ್‌ನಿಂದ ಕಾಹರ್‌ಗೆ, ಹಾಗಾಗಿ ಈ ಊರಿನ ಆ ಪಟ್ಟಿ ಓದಲು ಸೊಗಸು. ನಡುವೆ ಕಸುಬುವಾರು ಪಟ್ಟಿಗಳು. ‘ಬೇಕರಿಯವರು’ ನೋಡಿ ನಿಲ್ಲಿಸಬೇಡಿ. ಹಿಟ್ಟಿನ ವ್ಯಾಪಾರಿಗಳು, ದಿನಸಿ ಮತ್ತು ಮದ್ಯ ಮಾರುವವರು, ಧಾನ್ಯ ವ್ಯಾಪಾರಿಗಳು, ಇವಿಷ್ಟೂ ಓದಬೇಕು. ಒಬ್ಬನೇ ಮನುಷ್ಯ ಮೂರು ಕಡೆ ಬರುತ್ತಾನೆ. ಒಂದು ಕಡೆ ಬೀದಿ ಮಾತ್ರ, ಇನ್ನೊಂದು ಕಡೆ ಮನೆಸಂಖ್ಯೆಯೂ ಇರಬಹುದು. ಐರಿಶ್ ಡೈರೆಕ್ಟರಿಯಲ್ಲಿ ವಿಕ್ಚುವಲರ್ ಎಂದಿದ್ದರೆ ಅವನು ಬಹುಮಟ್ಟಿಗೆ ಕಸಾಯಿಯವನು, ಹೋಟೆಲಿನವನಲ್ಲ. ಬ್ರೋಗ್ ಮಾಡುವವರಿಗೂ ಬೂಟು ಮಾಡುವವರಿಗೂ ಬೇರೆ ಬೇರೆ ಪಟ್ಟಿ; ಹಳ್ಳಿಗರ ಒರಟು ಜೋಡು ಹೊಲಿಯುವವನು ಮೊದಲನೆಯದರಲ್ಲೇ ಇರುತ್ತಾನೆ.

ಪುಸ್ತಕದ ಕೊನೆಯಲ್ಲಿ ‘ತಡವಾಗಿ ಬಂದ ತಿದ್ದುಪಡಿಗಳು’ ಎಂಬ ಪುಟ ಇದ್ದರೆ ಅದನ್ನೂ ತೆಗೆದುಕೊಳ್ಳಿ. ಪ್ರತಿ ಉಲ್ಲೇಖಕ್ಕೂ ಮೂರು ಚಿತ್ರ ಉಳಿಸಿ: ಮುಖಪುಟ, ಊರಿನ ಮೊದಲ ಪುಟ, ಹೆಸರಿರುವ ಪುಟ. ಕಡತದ ಹೆಸರು ವರ್ಷದಿಂದ ಶುರುವಾಗಲಿ, ಆಗ ಫೋಲ್ಡರ್ ತಾನಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತದೆ.

ಈಗ ಸಾಲುಗಳನ್ನು ಪಕ್ಕಪಕ್ಕ ಇಡಿ. ಒಂದೇ ಬೀದಿಯಲ್ಲಿ, ಒಂದೇ ಕಸುಬಿನಲ್ಲಿ, 1856ರಲ್ಲಿ ಗಂಡಸಿನ ಹೆಸರಿದ್ದ ಜಾಗಕ್ಕೆ 1870ರಲ್ಲಿ ಮೇರಿಯೋ ಬ್ರಿಡ್ಜೆಟ್ಟೋ ಬಂದರೆ ಅವಳು ವಿಧವೆಯೆಂದು ಊಹಿಸಿ, ಅಷ್ಟರೊಳಗೆ ಗಂಡಸಿನ ಮರಣ ಹುಡುಕಿ. 1864ಕ್ಕಿಂತ ಮೊದಲು ತೀರಿಕೊಂಡಿದ್ದರೆ ಸರ್ಕಾರಿ ಪುಟ ಸಿಗದು. 1858ರಿಂದ ಈಚೆಗಿನ ಉಯಿಲು ಪಟ್ಟಿಗಳು ಆಗ ಕೈಹಿಡಿಯುತ್ತವೆ. ಅಚ್ಚಾದ ಈ ವಾರ್ಷಿಕ ಪಟ್ಟಿಗಳಲ್ಲಿ ಸತ್ತವನ ವಿಳಾಸ, ಕಸುಬು, ಸತ್ತ ದಿನ, ಆಸ್ತಿಯ ಮೊತ್ತ, ಯಾರ ಕೈಗೆ ಹೋಯಿತು ಎಂಬುದೆಲ್ಲ ಇದೆ. ಮೂಲ ಉಯಿಲುಗಳಲ್ಲಿ ಬಹುಪಾಲು 1922ರಲ್ಲಿ ಸುಟ್ಟವು, ಆದರೆ ಜಿಲ್ಲಾ ರಿಜಿಸ್ಟ್ರಿಗಳು ನಕಲು ಮಾಡಿಟ್ಟ ಪುಸ್ತಕಗಳು ಉಳಿದಿವೆ. ಡಬ್ಲಿನ್ನಿನವರಿಗಿಂತ ಹೊರ ಊರಿನವರಿಗೆ ಇಲ್ಲಿ ಲಾಭ.

ಒಬ್ಬ ರಯಾನ್‌ನ ಜಾಗಕ್ಕೆ ಇನ್ನೊಬ್ಬ ರಯಾನ್ ಬಂದರೆ ಮಗ ಎಂದು ತೀರ್ಮಾನಿಸುವ ಆತುರ ಬೇಡ. ತಮ್ಮ ಇರಬಹುದು, ಅಣ್ಣನ ಮಗ ಇರಬಹುದು, ಅಂಗಡಿಯ ಜೊತೆಗೆ ವಿಧವೆಯನ್ನೂ ವರಿಸಿದ ಬೇರೊಬ್ಬ ರಯಾನ್ ಕೂಡ ಇರಬಹುದು. ಬೀದಿ, ಕಸುಬು, ಹೆಸರು ಮೂರೂ ಹೊಂದಿದರೆ ಶೀಟಿನಲ್ಲಿ ‘ಸಂಭಾವ್ಯ’. ಜ್ಞಾನಸ್ನಾನ, ಮದುವೆ, ಉಯಿಲು, ಪತ್ರ ಇವುಗಳಲ್ಲೊಂದು ನಂಟನ್ನು ಬಾಯಿಬಿಟ್ಟು ಹೇಳಿದಾಗ ಮಾತ್ರ ‘ಖಚಿತ’.

ಹೆಸರು ಕಾಣದಿದ್ದರೆ? ಡೈರೆಕ್ಟರಿಯಲ್ಲಿ ಇಲ್ಲ ಎಂದರೆ ಊರಲ್ಲೇ ಇರಲಿಲ್ಲ ಎಂದಾಗುವುದಿಲ್ಲ. ಇವು ಸ್ವಂತ ಅಂಗಡಿ ಇದ್ದವರ ಪುಸ್ತಕಗಳು. ಇನ್ನೊಬ್ಬರ ಒಲೆಯಲ್ಲಿ ಕೂಲಿಗೆ ಬ್ರೆಡ್ ಸುಡುತ್ತಿದ್ದವನು ಜನನ ರಿಜಿಸ್ಟರ್‌ನಲ್ಲಿ ‘ಬೇಕರಿಯವನು’ ಆಗಿರುತ್ತಾನೆ, ಸ್ಲೇಟರ್‌ನಲ್ಲಿ ಇರುವುದೇ ಇಲ್ಲ. ಮನೆಗೆಲಸದವರು, ಕೂಲಿಗಳು, ಬುಟ್ಟಿ ಹೊತ್ತು ಮಾರುವವರು ಯಾರೂ ಇಲ್ಲ. ಡಬ್ಲಿನ್ನಿನ ಥಾಮ್ ಬೀದಿಯ ಮನೆಮನೆಯನ್ನೂ ಹೇಳಿ ಪಕ್ಕದಲ್ಲಿ ತೆರಿಗೆ ಮೌಲ್ಯವನ್ನೂ ಕೊಡುತ್ತದೆ, ಆದರೆ ಹತ್ತಾರು ಬಡ ಸಂಸಾರಗಳು ತುಂಬಿದ್ದ ಕಟ್ಟಡದ ಎದುರು ‘ಟೆನೆಮೆಂಟ್ಸ್’ ಎಂಬ ಒಂದೇ ಪದ, ಒಂದು ಹೆಸರೂ ಇಲ್ಲ. ರೈತರು ಬೇಕಾದರೆ ಬ್ಯಾಸೆಟ್ ನೋಡಿ. ಅದು ಅಂಚೆ ಊರುವಾರು ರೈತರನ್ನೂ ನಿವಾಸಿಗಳನ್ನೂ ಪಟ್ಟಿ ಮಾಡುತ್ತದೆ. ಅಂಗಡಿಯವನ ಅಣ್ಣ ಹಳ್ಳಿಯಲ್ಲಿ ಉಳಿದಿದ್ದರೆ ಅಲ್ಲೇ ಸಿಗುತ್ತಾನೆ.

ಬೀದಿಯ ಹೆಸರು ಬದಲಾಗುವುದು ಇನ್ನೊಂದು ಹೊಂಡ. ಡಬ್ಲಿನ್ನಿನ ಸ್ಯಾಕ್‌ವಿಲ್ ಸ್ಟ್ರೀಟ್ 1924ರಲ್ಲಿ ಓಕಾನಲ್ ಸ್ಟ್ರೀಟ್ ಆಯಿತು, ಕಾರ್ಕ್‌ನ ಕ್ವೀನ್ಸ್‌ಟೌನ್ ಬಂದರು ಕೋವ್ ಆಯಿತು, ಕಿಂಗ್ಸ್ ಕೌಂಟಿ ಆಫಲಿ ಆಯಿತು. ಮನೆಸಂಖ್ಯೆಗಳನ್ನೂ ಹೊಸದಾಗಿ ಹಾಕಿದ್ದುಂಟು. ಅಂಗಡಿ ಅಲುಗಲಿಲ್ಲ, ಸಂಖ್ಯೆ ಬದಲಾಯಿತು ಎಂಬುದನ್ನು ಪತ್ತೆ ಮಾಡಲು ಎಡಬಲದ ಎರಡೆರಡು ನೆರೆಯವರನ್ನೂ ಶೀಟಿಗೆ ಇಳಿಸಿ. ಎರಡು ಆವೃತ್ತಿಗಳಲ್ಲಿ ನೆರೆಯವರು ಅದೇ ಕ್ರಮದಲ್ಲಿದ್ದರೆ ಕಟ್ಟಡ ಅದೇ.

ಗ್ರಿಫಿತ್, ಅದರ ಹಿಂದೆ ಮುಂದೆ

ಸ್ಲೇಟರ್ 1846ಕ್ಕೂ 1856ಕ್ಕೂ ನಡುವೆ ಮಹಾಕ್ಷಾಮ ಬಿದ್ದಿದೆ. ಅಷ್ಟರಲ್ಲೇ ಈ ಭಾಗದ ಗ್ರಿಫಿತ್ ವ್ಯಾಲ್ಯುಯೇಶನ್ ಕೂಡ ನಡೆದಿದೆ; ದೇಶದುದ್ದಕ್ಕೂ 1847ರಿಂದ 1864ರವರೆಗೆ ಅಚ್ಚಾದ ಆಸ್ತಿ ಪಟ್ಟಿ ಅದು. ಕಾಲಂಗಳು: ನಕ್ಷೆಯ ಗುರುತು, ಅನುಭೋಗದಾರ, ನೇರ ಒಡೆಯ, ಆಸ್ತಿಯ ವಿವರ, ಜಾಗದ ಅಳತೆ, ಜಮೀನಿನ ಮೌಲ್ಯ, ಕಟ್ಟಡದ ಮೌಲ್ಯ, ಒಟ್ಟು. ಪಟ್ಟಣಗಳಲ್ಲಿ ಮೊದಲ ಕಾಲಂನ ಸಂಖ್ಯೆಯನ್ನು ಮನೆಸಂಖ್ಯೆ ಎಂದು ಓದುವ ತಪ್ಪು ಅತಿ ಸಾಮಾನ್ಯ. ಅದು ನಕ್ಷೆಯ ಗುರುತು. ಅದನ್ನು ಹಿಡಿದು ಸ್ಲೇಟರ್‌ನ ‘12’ಕ್ಕೆ ಜೋಡಿಸಿದರೆ ಕುಟುಂಬ ಬೀದಿಯ ಇನ್ನೊಂದು ತುದಿಗೆ ಹಾರಿರುತ್ತದೆ. ಅಂತರ್ಜಾಲದಲ್ಲಿ ಗ್ರಿಫಿತ್ ಜೊತೆಗೆ ಕೊಟ್ಟಿರುವ ನಕ್ಷೆಗಳು ಎಷ್ಟೋ ಕಡೆ ಮುಂದಿನ ವರ್ಷಗಳ ತಿದ್ದುಪಡಿ ನಕ್ಷೆಗಳು, ಅವುಗಳ ಸಂಖ್ಯೆ ಅಚ್ಚಿನ ಪಟ್ಟಿಗೆ ಕೂಡುವುದಿಲ್ಲ. ಕೂಡದಿದ್ದಾಗ ಮತ್ತೆ ನೆರೆಯವರ ಕ್ರಮವೇ ಗತಿ.

ವಿವರದ ಕಾಲಂನಲ್ಲಿ ಮನೆ, ‘ಆಫೀಸಸ್’ (ಅಂದರೆ ಹಿತ್ತಲ ಕಟ್ಟಡಗಳು), ಅಂಗಳ ಎಂಬ ಪದಗಳ ಜೊತೆ ‘ಬೇಕ್‌ಹೌಸ್’ ಎಂದು ಕಂಡರೆ ಹಬ್ಬ. ಟಿಪ್ಪರರಿಯ ರಯಾನ್‌ಗಳಂಥವರಿಗೆ ಗ್ರಿಫಿತ್ ಮಾಡಿದ ಉಪಕಾರವೊಂದಿದೆ: ಒಂದೇ ಜಾಗದಲ್ಲಿ ಇಬ್ಬರು ಪ್ಯಾಟ್ರಿಕ್ ರಯಾನ್ ಇದ್ದರೆ ಆವರಣದೊಳಗೆ ತಂದೆಯ ಹೆಸರೋ ಕಸುಬೋ ಅಡ್ಡಹೆಸರೋ ಕೊಟ್ಟು ಬೇರ್ಪಡಿಸುತ್ತಿದ್ದರು. ಬರೀ ಹೆಸರಿನ ಸೂಚಿಯಲ್ಲಿ ಅದು ಬಿಟ್ಟುಹೋಗುವುದುಂಟು, ಮೂಲಪುಟ ತೆಗೆಯಲೇಬೇಕು.

ಅಚ್ಚಿನ ಪಟ್ಟಿಗಿಂತ ಹಿಂದೆ, 1830-40ರ ದಶಕಗಳಲ್ಲಿ ಮೌಲ್ಯಮಾಪಕರು ಬರೆದುಕೊಂಡ ಹೌಸ್ ಬುಕ್‌ಗಳು ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಉಚಿತವಾಗಿವೆ. ಕಟ್ಟಡದ ಉದ್ದ, ಅಗಲ, ಎತ್ತರ ಅಡಿಗಳಲ್ಲಿ. ಗುಣಮಟ್ಟಕ್ಕೆ ಅಕ್ಷರ ಮತ್ತು ಅಂಕೆ, ಹೊಸದಾದರೆ ಎ, ಮಧ್ಯಮ ಬಿ, ಹಳೆಯದು ಸಿ. ಪಕ್ಕದಲ್ಲಿ ಬಾಡಿಗೆ, ವ್ಯಾಪಾರ ಹೇಗಿದೆ ಎಂಬ ಗೀಚು ಟಿಪ್ಪಣಿ. 1901ರ ಬಿ1, ಬಿ2 ಫಾರ್ಮ್‌ಗಳಿಂದ ಹಿಡಿದ ಮೈಕಟ್ಟನ್ನು ಇಲ್ಲಿ ತಾಳೆ ನೋಡಬಹುದು. ಟೈದ್ ಅಪ್ಲಾಟ್‌ಮೆಂಟ್ ಪುಸ್ತಕಗಳನ್ನು (1823ರಿಂದ 1837) ಪಟ್ಟಣದ ಬೇಕರಿಗಾಗಿ ತಿರುವುವುದು ವ್ಯರ್ಥ, ಅವು ಕೃಷಿಭೂಮಿಯ ಮೇಲಿನ ಚರ್ಚ್ ತೆರಿಗೆಯವು.

ಮುಂದಕ್ಕೆ ಬರಲು ತಿದ್ದುಪಡಿ ಪುಸ್ತಕಗಳು, ಕ್ಯಾನ್ಸಲ್ಡ್ ಬುಕ್ಸ್ ಎನ್ನುತ್ತಾರೆ. ನಮ್ಮ ಕಡೆ ಖಾತೆ ಬದಲಾವಣೆಯ ರಿಜಿಸ್ಟರ್ ನೋಡಿದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಅನುಭೋಗದಾರ ಬದಲಾದಾಗ ಹಳೆಯ ಹೆಸರಿಗೆ ಗೆರೆ ಹೊಡೆದು ಮೇಲೆ ಹೊಸದನ್ನು ಬರೆದಿದ್ದಾರೆ, ಒಂದೊಂದು ಸುತ್ತಿಗೆ ಒಂದೊಂದು ಬಣ್ಣದ ಶಾಯಿ, ಬಲತುದಿಯಲ್ಲಿ ವರ್ಷದ ಕೊನೆಯ ಎರಡು ಅಂಕೆ. ಕಪ್ಪುಬಿಳುಪು ನಕಲು ಹಾಗಾಗಿ ಪ್ರಯೋಜನಕ್ಕೆ ಬಾರದು. ಬಣ್ಣದ ಪ್ರತಿಯನ್ನೇ ಕೇಳಿ. ಗಣರಾಜ್ಯದ ಪುಸ್ತಕಗಳು ಡಬ್ಲಿನ್ನಿನ ವ್ಯಾಲ್ಯುಯೇಶನ್ ಕಚೇರಿಯಲ್ಲಿ, ಈಗ ಟೈಲ್ಟೆ ಏರನ್ ಎಂಬ ಸಂಸ್ಥೆಯೊಳಗೆ. ಉತ್ತರದ ಆರು ಕೌಂಟಿಗಳವು ಬೆಲ್‌ಫಾಸ್ಟಿನ ಸರ್ಕಾರಿ ದಾಖಲೆ ಕಚೇರಿಯ ತಾಣದಲ್ಲಿ ಉಚಿತ. ಖಾತೆ ಬದಲಾಗುವುದು ಸಾವಿನ ವರ್ಷವೇ ಅಲ್ಲ. ‘78’ ಎಂದಿದ್ದರೆ 1873ರಿಂದ 1878ರವರೆಗಿನ ಮರಣಗಳನ್ನು ನೋಡಿ.

ಒಡೆಯನ ಹೆಸರಿನಿಂದ ಇನ್ನೂ ಹಿಂದಕ್ಕೆ

1824ಕ್ಕಿಂತ ಆಚೆ ಹೋಗಲು ಬೇಕಾದ ಕೀಲಿ ಗ್ರಿಫಿತ್‌ನ ಮೂರನೆಯ ಕಾಲಂನಲ್ಲಿದೆ: ನೇರ ಒಡೆಯ. ರಿಜಿಸ್ಟ್ರಿ ಆಫ್ ಡೀಡ್ಸ್ 1708ರಿಂದ ಆಸ್ತಿಪತ್ರಗಳ ಸಾರಾಂಶವನ್ನು ನೋಂದಾಯಿಸುತ್ತ ಬಂದಿದೆ. ಬೆಂಕಿ ಅದನ್ನು ತಟ್ಟಿಲ್ಲ. ಆದರೆ ಅದರ ಹೆಸರುಸೂಚಿ ಪತ್ರ ಕೊಟ್ಟವನದು, ಪಡೆದವನದಲ್ಲ. ಬೇಕರಿಯವನು ಭೋಗ್ಯಕ್ಕೆ ಪಡೆದವನು, ಅವನ ಹೆಸರಲ್ಲಿ ಹುಡುಕಿದರೆ ಸೊನ್ನೆ. ಕಟ್ಟಡದ ಒಡೆಯನ ಹೆಸರಲ್ಲಿ ಹುಡುಕಿ, ಪಕ್ಕದಲ್ಲಿ ಪಡೆದವನ ಕುಲನಾಮ ರಯಾನ್ ಇರುವ ಸಾಲುಗಳನ್ನು ಆರಿಸಿ, ಸಂಪುಟ, ಪುಟ, ಮೆಮೋರಿಯಲ್ (ನೋಂದಾಯಿಸಿದ ಸಾರಾಂಶ) ಸಂಖ್ಯೆ ಬರೆದುಕೊಳ್ಳಿ. 1833ಕ್ಕಿಂತ ಹಿಂದಿನ ಸೂಚಿಯಲ್ಲಿ ಜಾಗದ ಹೆಸರೇ ಇಲ್ಲದ್ದರಿಂದ ಪ್ರತಿ ಮೆಮೋರಿಯಲ್ಲನ್ನೂ ತೆರೆದು ನೋಡಬೇಕು. ಜಮೀನುಸೂಚಿ ಬೇರೆ ಇದೆ. ಅದರಲ್ಲಿ ನಗರ ಮತ್ತು ಕಾರ್ಪೊರೇಷನ್ ಪಟ್ಟಣಗಳು ಪ್ರತ್ಯೇಕವಾಗಿರುವುದರಿಂದ ಕ್ಲಾನ್‌ಮೆಲ್‌ಗೆ ಅದೂ ಅನುಕೂಲ. ಮೈಕ್ರೋಫಿಲ್ಮ್‌ಗಳ ಸ್ಕ್ಯಾನ್ ಫ್ಯಾಮಿಲಿಸರ್ಚ್‌ನಲ್ಲಿ ಸಿಗುತ್ತದೆ.

ಎಲ್ಲ ಬಾಡಿಗೆಯೂ ಇಲ್ಲಿಗೆ ಬರುತ್ತಿರಲಿಲ್ಲ. 21 ವರ್ಷದೊಳಗಿನ ಭೋಗ್ಯಕ್ಕೆ ನೋಂದಣಿ ಬೇಕಿರಲಿಲ್ಲ. ಕ್ಯಾಥೊಲಿಕರಿಗೆ 31 ವರ್ಷಕ್ಕಿಂತ ದೀರ್ಘ ಭೋಗ್ಯವೇ ನಿಷಿದ್ಧವಾಗಿತ್ತು. 1778ರ ಕಾನೂನು ಆ ಕಟ್ಟು ಸಡಿಲಿಸಿ 999 ವರ್ಷದ ಅಥವಾ ಐದು ಜೀವಗಳ ಭೋಗ್ಯಕ್ಕೆ ದಾರಿ ಬಿಟ್ಟಿತು. ಆದ್ದರಿಂದ ರಯಾನ್‌ಗಳು ಕ್ಯಾಥೊಲಿಕರಾದರೆ 1778ರ ಈಚೆಯಿಂದಲೇ ಶುರು ಮಾಡಿ. ಇದೇ ಊರಿನ ಗ್ರಬ್, ಮಾಲ್ಕಮ್‌ಸನ್‌ರಂಥ, ಕ್ವೇಕರ್ ಎಂಬ ಪ್ರೊಟೆಸ್ಟೆಂಟ್ ಪಂಥದ ಗಿರಣಿ ಮನೆತನಗಳಾದರೆ ಕಥೆಯೇ ಬೇರೆ, ಕ್ವೇಕರರ ಸ್ವಂತ ದಾಖಲೆಗಳು ಹದಿನೇಳನೆಯ ಶತಮಾನದಿಂದಲೇ ಅಚ್ಚುಕಟ್ಟು. ‘ಮೂರು ಜೀವಗಳ’ ಭೋಗ್ಯ ಸಿಕ್ಕಿದರೆ ನಿಧಿ ಸಿಕ್ಕಿದಂತೆ: ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವರು ಸಾಯುವವರೆಗೆ ಭೋಗ್ಯ ನಡೆಯುತ್ತದೆ, ಹಾಗಾಗಿ ಹೆಚ್ಚಿನವರು ತಮ್ಮ ಎಳೆಯ ಮಕ್ಕಳನ್ನೇ ಹಾಕುತ್ತಿದ್ದರು, ಕೆಲವೊಮ್ಮೆ ವಯಸ್ಸಿನ ಸಮೇತ. ಪ್ಯಾರಿಷ್ ರಿಜಿಸ್ಟರ್ ಶುರುವಾಗುವ ಮೊದಲೇ ಅಪ್ಪ ಮಕ್ಕಳನ್ನು ಒಂದೇ ಸಾಲಿನಲ್ಲಿ ತೋರಿಸುವ ಕಾಗದ ಇದರಂಥದ್ದು ಇನ್ನೊಂದಿಲ್ಲ.

ಪ್ಯಾರಿಷ್ ರಿಜಿಸ್ಟರ್‌ಗಳ ಮಾತು ಚಿಕ್ಕದು. ಲ್ಯಾಟಿನ್ ಹೆಸರುಗಳಿಗೆ ಹೆದರಬೇಡಿ: ಜಾಕೋಬಸ್ ಎಂದರೆ ಜೇಮ್ಸ್, ಗುಲಿಯೆಲ್ಮಸ್ ವಿಲಿಯಂ, ಡಯೊನೀಸಿಯಸ್ ಡೆನಿಸ್, ಹೊನೋರಾ ಎಂದರೆ ನೋರಾ. ಕಸುಬು ಸಾಮಾನ್ಯವಾಗಿ ಇರುವುದಿಲ್ಲ. ಜ್ಞಾನ ತಂದೆತಾಯಿಯರ ಹೆಸರುಗಳನ್ನು ಬಿಡದೆ ಇಳಿಸಿಕೊಳ್ಳಿ. ಪದೇ ಪದೇ ಬರುವ ಹೆಸರು ತಾಯಿಯ ತವರಿನದೋ ಪಕ್ಕದ ಅಂಗಡಿಯದೋ ಆಗಿರುತ್ತದೆ, ಡೈರೆಕ್ಟರಿಯ ನೆರೆಯವರ ಪಟ್ಟಿಯ ಜೊತೆ ಹೋಲಿಸಿದರೆ ಯಾವುದೆಂದು ತಿಳಿಯುತ್ತದೆ.

ಬೆಂಗಳೂರಿನ ತುದಿಯಿಂದ ಶುರು ಮಾಡುವವರಿಗೆ

ಬೆಂಗಳೂರು ದಂಡುಪ್ರದೇಶದಲ್ಲಿ ಮದುವೆಯಾಗಿ ನೆಲೆನಿಂತ ಐರಿಶ್ ಸೈನಿಕರ ವಂಶದವರಿಗೆ ಮೇಲಿನ ದಾರಿ ಇನ್ನೊಂದು ಬಾಗಿಲಿನಿಂದ ತೆರೆಯುತ್ತದೆ. ಮದ್ರಾಸ್ ಪ್ರೆಸಿಡೆನ್ಸಿಯ ಚರ್ಚ್ ವಾರ್ಷಿಕ ವರದಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿ ಎನ್/2 ಸರಣಿ. ಬೆಂಗಳೂರಿನ ಜ್ಞಾನಸ್ನಾನ, ಮದುವೆ, ಸಮಾಧಿ ಅದರಲ್ಲಿವೆ, ಕ್ಯಾಥೊಲಿಕರವು ಅಪೂರ್ಣ. ಅಲ್ಲಿಂದ ರೆಜಿಮೆಂಟಿನ ಹೆಸರು ಹಿಡಿದು ಲಂಡನ್ನಿನ ಕ್ಯೂ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯುಓ 97 ಸರಣಿಗೆ ಹೋಗಬೇಕು. ಅದರಲ್ಲಿ ಪಿಂಚಣಿ ಪಡೆದು ನಿವೃತ್ತರಾದ ಸೈನಿಕರ ಬಿಡುಗಡೆ ಪತ್ರಗಳಿವೆ. ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಅದರಲ್ಲಿಲ್ಲ. ಐರಿಶರು ಬಹಳ ಇದ್ದ, ಮುಂದೆ ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಆದ ಮದ್ರಾಸ್ ಯುರೋಪಿಯನ್ ರೆಜಿಮೆಂಟಿನ ಕಂಪನಿ ಕಾಲದವರಿಗೆ ಇಂಡಿಯಾ ಆಫೀಸ್ ಸಂಗ್ರಹದ ಭರ್ತಿ ಪಟ್ಟಿಗಳನ್ನೇ ನೋಡಬೇಕು.

ಬಿಡುಗಡೆ ಪತ್ರದಲ್ಲಿ ಹುಟ್ಟಿದ ಪ್ಯಾರಿಷ್, ‘ಇಂಥ ಪಟ್ಟಣದಲ್ಲಿ ಅಥವಾ ಅದರ ಹತ್ತಿರ’, ಕೌಂಟಿ, ಸೇರಿದಾಗಿನ ವಯಸ್ಸು, ಕಸುಬು ಇರುತ್ತವೆ. ‘ಹತ್ತಿರ’ ಎಂಬ ಪದ ಎಷ್ಟು ದೂರಕ್ಕಾದರೂ ಎಳೆಯುತ್ತದೆ, ಪ್ಯಾರಿಷ್ ಹೆಸರನ್ನೇ ಗಟ್ಟಿಯಾಗಿ ಹಿಡಿಯಿರಿ. ಕಸುಬು ‘ಬೇಕರ್’ ಎಂದಿದ್ದರೆ ಸೇರಿದ ವರ್ಷಕ್ಕೆ ಹಿಂದಿನ ಮತ್ತು ಮುಂದಿನ ಎರಡು ಡೈರೆಕ್ಟರಿಗಳಲ್ಲಿ ಆ ಊರಿನ ಎಲ್ಲ ಬೇಕರಿಗಳನ್ನೂ ಶೀಟಿಗೆ ಇಳಿಸಿ, ಬರೀ ಅದೇ ಕುಲನಾಮದವನ್ನಲ್ಲ. ಸೈನ್ಯ ಸೇರುವ ಹುಡುಗ ಬೇಕರಿಯ ಒಡೆಯನ ಮಗನಾಗಿರುವುದಕ್ಕಿಂತ ಯಾರದೋ ಒಲೆಯ ಮುಂದೆ ಕೆಲಸ ಕಲಿಯುತ್ತಿದ್ದವನಾಗಿರುವ ಸಂಭವವೇ ಹೆಚ್ಚು. ಹಾಗಿದ್ದರೆ ಅವನ ತಂದೆ ಪಟ್ಟಣದ ಡೈರೆಕ್ಟರಿಯಲ್ಲಿ ಇರುವುದಿಲ್ಲ. ಸುತ್ತಲಿನ ಟೌನ್‌ಲ್ಯಾಂಡ್‌ಗಳ (ಹಳ್ಳಿಗಾಡಿನ ಚಿಕ್ಕ ಭೂವಿಭಾಗಗಳ) ಟೈದ್ ಪುಸ್ತಕದಲ್ಲಿ ಅವನನ್ನು ಹುಡುಕಬೇಕು. ಪಟ್ಟಣದ ಬೇಕರಿಗೆ ಬೇಡವೆಂದು ಮೇಲೆ ಬದಿಗಿಟ್ಟದ್ದನ್ನು ಇಂಥವರಿಗಾಗಿ ಮೊದಲು ತೆರೆಯಬೇಕಾಗುತ್ತದೆ.